ಗಟ್ಟಿ ತಂತಿ

ಮಂಗಳವಾರ ಬೆಳಗ್ಗೆ ಸತ್ಯಮೂರ್ತಿಯ ಪಿಟೀಲಿನ ಎರಡನೇ ತಂತಿ ಫಟ್ಟೆಂದು ಹರಿಯಿತು. ಅದಕ್ಕೂ ವನಮಾಲೆಯೇ ಕಾರಣಳಾದಳು. ಒಗ್ಗರಣೆ ಹಾಕಿದ್ದು ಅವಳು, ಹೊಗೆ ಎದ್ದದ್ದು ಅದರಿಂದ, ಹೊಗೆಗೆ ಅವನು ಕೆಮ್ಮಿದ, ಕೆಮ್ಮಿದಾಗ ತಂತಿ ಬಿಗಿಯುವ ಬಿರಡೆ ಅರ್ಧ ಸುತ್ತು ಹೆಚ್ಚಿಗೆ ತಿರುಗಿತು. ಮುಂಬಯಿಯ ಸಯನ್ನಿನ ಆ ಮೂರನೇ ಮಹಡಿಯ ಎರಡು ಕೋಣೆಗಳ ಗೋಡೆಗಳು ಜುಲೈ ಮಳೆಗೆ ವಾರದಿಂದ ನೀರು ಬಿಡುತ್ತಿದ್ದವು. ತಂತಿ ಕೊಳೆಯುವುದಕ್ಕೆ ಅಷ್ಟೇ ಸಾಕಿತ್ತು. ಆದರೆ ಮಳೆಯನ್ನು ಬೈದರೆ ಮಳೆ ತಲೆ ತಗ್ಗಿಸಿ ನಿಲ್ಲುವುದಿಲ್ಲವಲ್ಲ, ಹೆಂಡತಿಯಾದರೆ ನಿಲ್ಲುತ್ತಾಳೆ. ವನಮಾಲೆ ಇಪ್ಪತ್ತೆರಡು ವರ್ಷದಿಂದ ನಿಂತೇ ಇದ್ದಳು.

ಶುಕ್ರವಾರ ಹತ್ತು ಗಂಟೆಗೆ ರೇಡಿಯೋದವರ ಪರೀಕ್ಷೆ. ಸತ್ಯಮೂರ್ತಿ ಎರಡು ಸಲ ಹೋಗಿ ಎರಡು ಸಲವೂ 'ಈ ಬಾರಿ ಆಯ್ಕೆಯಾಗಿಲ್ಲ' ಎಂಬ ಕಾಗದ ತಂದುಕೊಂಡಿದ್ದ. ಇದು ಮೂರನೆಯದು, ಕೊನೆಯದು. ಈ ಸಲವೂ ಬೇಡವೆಂದರೆ ವಿಕ್ರೋಳಿಯ ಕಂಪನಿಯ ಹೆಡ್‌ ಕ್ಲರ್ಕ್ ಕೆಲಸಕ್ಕೆ ರಾಜೀನಾಮೆ ಬಿಸಾಕಿ, ಮೈಸೂರಿಗೆ ಹೋಗಿ ಅಣ್ಣ ಕಿಟ್ಟುವಿನ ಮನೆಯಲ್ಲಿ ಇದ್ದುಬಿಡುತ್ತೇನೆ, ಸಂಗೀತದ ಗಂಧವಿಲ್ಲದ ಈ ಊರಿನ ಸಹವಾಸವೇ ಬೇಡ ಎಂದು ಅವನು ಅಣ್ಣನಿಗೆ ಕಾಗದ ಬರೆದೂ ಆಗಿತ್ತು. ಆ ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕಿದ್ದು ವನಮಾಲೆ. ಹಾಕುವ ಮೊದಲು ಡಬ್ಬದ ಸುತ್ತ ಎರಡು ಸಲ ಸುತ್ತಿ ಬಂದಿದ್ದಳು.

ಯಾಕೆಂದರೆ ಮೈಸೂರು ಎಂದರೆ ಅವಳಿಗೆ ಅರಮನೆಯಲ್ಲ, ಓರಗಿತ್ತಿಯ ಅಡುಗೆಮನೆ. ಬೆಳಗಿನ ನಾಲ್ಕಕ್ಕೆ ಒದ್ದೆ ಸೀರೆ ಉಟ್ಟು ಮಡಿಯಲ್ಲಿ ಹದಿನಾಲ್ಕು ಜನಕ್ಕೆ ಬೇಯಿಸುವುದು, ಮಕ್ಕಳಾಗಲಿಲ್ಲವೆಂದು ದಿನಕ್ಕೆ ನಾಲ್ಕು ಸಲ ಕೇಳಿಸಿಕೊಳ್ಳುವುದು. ಮುಂಬಯಿಯಲ್ಲಿ ಅವಳ ಸೊಂಟದಲ್ಲಿ ಮನೆಯ ಬೀಗದ ಕೈ ಇತ್ತು. ವಾರಕ್ಕೆ ಎರಡು ದಿನ ಮಾಟುಂಗದಲ್ಲಿ ಹೆಂಗಸರಿಗೆ ದೇವರನಾಮ ಹೇಳಿಕೊಡುತ್ತಿದ್ದಳು. ಲೋಕಲ್ಲಿನ ಹೆಂಗಸರ ಡಬ್ಬದಲ್ಲಿ ಕಿಟಕಿ ಪಕ್ಕ ಕೂತು ಒಬ್ಬಳೇ ಹೋಗಿಬರುತ್ತಿದ್ದಳು. ಅವನಿಗೆ ರೇಡಿಯೋ ಬೇಕಿತ್ತು, ಅವಳಿಗೆ ಮುಂಬಯಿ ಬೇಕಿತ್ತು. ಎರಡೂ ಆ ಹರಿದ ತಂತಿಯ ಮೇಲೆ ನಿಂತಿದ್ದವು.

ಫೋರ್ಟ್ ಕಡೆಯ ದೊಡ್ಡ ಅಂಗಡಿಯಲ್ಲಿ ಜರ್ಮನಿಯ ತಂತಿ ಸಿಗುವ ಕಾಲ ಮುಗಿದಿತ್ತು. ಸರ್ಕಾರ ಪರದೇಶದ ಮಾಲನ್ನು ಬಿಗಿ ಮಾಡಿದ ಮೇಲೆ, ಅಲ್ಲೊಂದು ಇಲ್ಲೊಂದು ಉಳಿದಿದ್ದಕ್ಕೆ ಚಿನ್ನದ ಬೆಲೆ. ಸತ್ಯಮೂರ್ತಿ ಸ್ಟೀಲು ತಂತಿ ಹಾಕಿ ನೋಡಿದ. ಆ ಹಳೆಯ ಪಿಟೀಲು ಸ್ಟೀಲಿಗೆ ಒಗ್ಗದೆ ಕಿರುಚಿತು. ಗಟ್ಟಿ ತಂತಿಯೇ ಆಗಬೇಕು ಎಂದ. ಅವರ ಮನೆಯಲ್ಲಿ ಅದರ ಹೆಸರೇ ಹಾಗೆ. ಮದುವೆಯಾಗಿ ಬಂದ ದಿನದಿಂದ ಅತ್ತೆ ಅದನ್ನು ಗಟ್ಟಿ ತಂತಿ ಎಂದೇ ಕರೆಯುತ್ತಿದ್ದರು, ವನಮಾಲೆಯೂ ಕರೆದಳು. ಯಾವುದೋ ಗಟ್ಟಿ ನಾರನ್ನು ಹೊಸೆದು ಮಾಡುತ್ತಾರೆ ಎಂದುಕೊಂಡಿದ್ದಳು.

ಕೆಳಗಿನ ಮನೆಯ ವಾರಿಜಾ ಉಪಾಯ ಹೇಳಿದಳು. ಅವಳ ಗಂಡ ಕೊರಗಪ್ಪ ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸುತ್ತಿದ್ದ. ಅವರ ಭಜನಾ ಮಂಡಳಿಯ ಹಾರ್ಮೋನಿಯಂ ಕೆಟ್ಟಾಗಲೆಲ್ಲ ದಾದರಿನ ಗದಿಗೆಪ್ಪನೆಂಬವನ ಹತ್ತಿರ ಒಯ್ಯುತ್ತಾರೆ, ಅವನು ತಂತಿಯನ್ನೂ ತಾನೇ ಮಾಡಿ ಅಗ್ಗಕ್ಕೆ ಕೊಡುತ್ತಾನೆ, ಸಾರಂಗಿಯವರೆಲ್ಲ ಅವನಲ್ಲಿಗೇ ಹೋಗುವುದು ಎಂದಳು. ವನಮಾಲೆ ಹಿಗ್ಗಿ ಮೇಲೆ ಬಂದು ಗಂಡನಿಗೆ ಹೇಳಿದಳು. ಗದಿಗೆಪ್ಪ ಎಂಬ ಹೆಸರು ಕೇಳಿದ್ದೇ ಅವನ ಮುಖ ಹುಳಿಮಜ್ಜಿಗೆ ಕುಡಿದ ಹಾಗಾಯಿತು. ಸ್ವಲ್ಪ ಹೊತ್ತು ಉಗುರು ಕಚ್ಚಿದ. ಆಮೇಲೆ, ತನಗೆ ರಜೆ ಇಲ್ಲ, ಅವಳೇ ಹೋಗಿ ತರಬೇಕು, ಯಾರಿಗೆ ಎಂದು ಮಾತ್ರ ಹೇಳಕೂಡದು ಎಂದ. ಅಳತೆಗೆಂದು ಹರಿದ ತಂತಿಯ ತುಂಡನ್ನು ಕೈಗೆ ಸಿಕ್ಕಿದ ಕಾಗದದಲ್ಲಿ ಸುತ್ತಿಕೊಟ್ಟ. ಯಾಕೆ ಹೇಳಕೂಡದೆಂದು ಅವಳು ಕೇಳಲಿಲ್ಲ. ಕೇಳಿ ಉತ್ತರ ಪಡೆದ ಅಭ್ಯಾಸ ಅವಳಿಗಿರಲಿಲ್ಲ.

ಬುಧವಾರ ಮಧ್ಯಾಹ್ನ ಹೋದಳು. ದಾದರಿನ ಒಂದು ಚಾಳಿನ ಮೆಟ್ಟಿಲ ಕೆಳಗೆ ಅಂಗಡಿ. ಅಂಗಡಿ ಎನ್ನುವುದಕ್ಕಿಂತ ಗೂಡು. ತಂಬೂರಿಗಳು, ಹೊಟ್ಟೆ ಬಿಚ್ಚಿದ ಹಾರ್ಮೋನಿಯಂ, ಸಣ್ಣ ಗರಗಸ, ಅಂಟು. ಗೋಡೆಯುದ್ದಕ್ಕೆ ಮೊಳೆಯಿಂದ ಮೊಳೆಗೆ ಬಿಗಿದು ಒಣಹಾಕಿದ ಹಳದಿ ಎಳೆಗಳು. ಒಂದು ಥರದ ಹಸಿ ವಾಸನೆ. ನಡುವೆ ಅರವತ್ತರ ಮುದುಕ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಕನ್ನಡ ಕೇಳಿ ಮುಖ ಅರಳಿಸಿ ಅವಳಿಗೆ ಸ್ಟೂಲು ಒರೆಸಿ ಕೊಟ್ಟ. ಚಹಾ ತರಿಸಲೇ ಎಂದ, ಅವಳು ಬೇಡವೆಂದಳು. ಹೊರಗೆ ಅವಳು ಏನೂ ತಿನ್ನುವ ಕುಡಿಯುವ ಹಾಗಿರಲಿಲ್ಲ.

ಬಹಳ ದಿನದಿಂದ ಕನ್ನಡದಲ್ಲಿ ಮಾತಾಡಲು ಯಾರೂ ಸಿಕ್ಕಿರಲಿಲ್ಲವೋ ಏನೋ, ಮುದುಕ ಸುರುವಿಟ್ಟುಕೊಂಡ. ಧಾರವಾಡದ ಕಡೆಯವನು. ಹುಡುಗನಾಗಿದ್ದಾಗ ನಾಟಕ ಕಂಪನಿ ಸೇರಿದವನು. ಕಂಪನಿಯ ಮಾಲೀಕ ಗ್ರಾಮಫೋನು ತಂದ ದಿನ ಊರಿಗೆ ಊರೇ ನೆರೆದಿತ್ತಂತೆ. ಆಗಿನ ಪ್ಲೇಟು ಮೂರು ನಿಮಿಷದ್ದು, ಹಾಡು ಮುಗಿದ ಕೂಡಲೇ ಹಾಡಿದವಳು ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳಂತೆ, ಇಲ್ಲದಿದ್ದರೆ ಯಾರು ಹಾಡಿದ್ದೆಂದು ಅಚ್ಚು ಹಾಕುವವರಿಗೇ ತಿಳಿಯದು. ಮುಂದೆ ಅವನೇ ಮುಂಬಯಿಗೆ ಬಂದು ಪ್ಲೇಟುಗಳಲ್ಲಿ ಹಾರ್ಮೋನಿಯಂ ನುಡಿಸಿದ, ಆದರೆ ಪಕ್ಕವಾದ್ಯದ ಸಾಥಿಯವನ ಹೆಸರನ್ನು ಯಾರೂ ಕೂಗಲಿಲ್ಲ. ರೇಡಿಯೋ ಬಂದಾಗ ರೇಡಿಯೋದಲ್ಲಿ ನುಡಿಸಿದ. ವಾರಕ್ಕೆ ಮೂರು ದಿನ ಗಾಡಿಯಲ್ಲಿ ಪೆಟ್ಟಿಗೆ ಹೊತ್ತು ಹೋಗುತ್ತಿದ್ದ. ನಲವತ್ತನೇ ಇಸವಿಯಲ್ಲಿ ರೇಡಿಯೋದವರು ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ, ಅದರಲ್ಲಿ ಗಮಕ ಬರುವುದಿಲ್ಲ, ಸ್ವರಗಳು ಕಟ್ಟಿಹಾಕಿದ ಹಾಗಿರುತ್ತವೆ ಎಂದು ಇಡೀ ದೇಶಕ್ಕೆ ನಿಷೇಧ ಹಾಕಿದರು. ಹದಿನೇಳು ವರ್ಷವಾಯಿತು, ಇನ್ನೂ ತೆಗೆದಿಲ್ಲ. ರೇಡಿಯೋ ಬೇಡವೆಂದ ವಾದ್ಯವನ್ನು ಕಚೇರಿಯವರೂ ಒಬ್ಬೊಬ್ಬರಾಗಿ ಬಿಟ್ಟರು, ಪಾಠದವರೂ ಬಿಟ್ಟರು.

ವನಮಾಲೆ ಅಯ್ಯೋ ಪಾಪ ಅಂದುಕೊಂಡಳು. ಆಮೇಲೆ ತಾನು ಬಂದ ಕೆಲಸ ನೆನಪಾಗಿ, ಪಿಟೀಲಿಗೆ ಒಂದು ಗಟ್ಟಿ ತಂತಿ ಬೇಕಿತ್ತು ಎಂದಳು.

"ಗಟ್ಟಿ ತಂತಿ ಅಂದ್ರ ಯಾವ್ದ್ರಿ ಅಕ್ಕಾರ? ಎಲ್ಲಾ ತಂತೀನೂ ಗಟ್ಟೀನ ಇರ್ತಾವ."

ಗೋಡೆಯ ಮೇಲಿನ ಹಳದಿ ಎಳೆಗಳನ್ನು ತೋರಿಸಿ, ಅದೇ ಇರಬೇಕು ಎಂದಳು. ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇದು ಗಟ್ಟಿ ಅಲ್ರಿ, ಗಟ್. ಇಂಗ್ರೇಜಿ ಮಾತು. ಕನ್ನಡದಾಗ ಕರುಳು. ಕುರಿ ಕರುಳು."

ಅವಳಿಗೆ ಅರ್ಥವಾಗಲಿಲ್ಲವೆಂದುಕೊಂಡು ಬಿಡಿಸಿ ಹೇಳಿದ. ಬಾಂದ್ರಾದ ಕಸಾಯಿಖಾನೆಯಿಂದ ಬೆಳಗ್ಗೆಯೇ ತರಬೇಕು, ಬಿಸಿ ಆರುವುದರೊಳಗೆ ತೊಳೆಯಬೇಕು, ಕೊಬ್ಬು ಹೆರೆಯಬೇಕು, ನೆನೆಹಾಕಬೇಕು, ಆಮೇಲೆ ಹುರಿ ಹೊಸೆದು ಹೀಗೆ ಬಿಗಿದು ಒಣಗಿಸಬೇಕು. ಜರ್ಮನಿಯವರು ಮಾಡುವುದೂ ಇದನ್ನೇ, ಅವರು ಚಂದದ ಲಕೋಟೆಯಲ್ಲಿ ಹಾಕಿ ಕೊಡುತ್ತಾರೆ ಅಷ್ಟೇ. ವನಮಾಲೆ ಸ್ಟೂಲಿನಿಂದ ಎದ್ದುಬಿಟ್ಟಳು. ಸೆರಗನ್ನು ಮೂಗಿಗೆ ಹಿಡಿದಳು. ಇಪ್ಪತ್ತೆರಡು ವರ್ಷದಿಂದ ದೇವರ ಗೂಡಿನಲ್ಲಿ, ಸಾಲಿಗ್ರಾಮದ ಪಕ್ಕದಲ್ಲಿ ಇರುತ್ತಿದ್ದ ಪಿಟೀಲು ಅದು. ನವರಾತ್ರಿಯಲ್ಲಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತಿದವಳು ಇವಳೇ.

ಹೇಸಿಗೆ ಅನ್ನಿಸಿದ್ದು ಕ್ಷಣ ಹೊತ್ತು. ಅದರ ಹಿಂದೆಯೇ ಬೇರೊಂದು ನೆನಪು ಬಂತು, ಅದಕ್ಕೆ ಮೈಯೆಲ್ಲ ಉರಿಯಿತು. ತಿಂಗಳಿಗೆ ಮೂರು ದಿನ ಅವಳು ಬಚ್ಚಲ ಪಕ್ಕದ ಓಣಿಯಲ್ಲಿ ಚಾಪೆ ಹಾಕಿ ಕೂರುತ್ತಿದ್ದಳು. ಒಳಗೆ ಕಾಲಿಡುವ ಹಾಗಿಲ್ಲ, ಒಳಗೆ ದೇವರಿದೆ, ಪಿಟೀಲಿದೆ. ಒಮ್ಮೆ ಮಳೆಯ ಎರಚಲು ಹೊಡೆದು ಚಾಪೆ ಒದ್ದೆಯಾಯಿತೆಂದು ಹೊಸ್ತಿಲ ಒಳಗೆ ಒಂದು ಮೊಳ ಸರಿದದ್ದಕ್ಕೆ, ಅವನು ಪಿಟೀಲನ್ನು ಎತ್ತಿಕೊಂಡು ಗಂಗಾಜಲ ಚಿಮುಕಿಸಿದ್ದ. ಎಷ್ಟು ದಿನ ಹಾಗೆ ಕೂತಳು? ಮನಸ್ಸಿನಲ್ಲೇ ಕೂಡಿಸಿದಳು, ಎಂಟುನೂರರ ಹತ್ತಿರ ಬಂತು. ಎಂಟುನೂರು ದಿನ ಅವಳು ಹೊರಗೆ, ಸತ್ತ ಕುರಿಯ ಕರುಳು ಒಳಗೆ.

ಅಷ್ಟರಲ್ಲಿ ಗದಿಗೆಪ್ಪ ಅಳತೆ ನೋಡಲು ಅವಳ ಕೈಯಿಂದ ಪೊಟ್ಟಣ ತೆಗೆದುಕೊಂಡು ಬಿಚ್ಚಿದ. ತುಂಡನ್ನು ನೋಡಲಿಲ್ಲ, ಕಾಗದವನ್ನೇ ನೋಡುತ್ತ ಕೂತ. ಸತ್ಯಮೂರ್ತಿ ಮಹಾಶಯ ಅವಸರದಲ್ಲಿ ಸುತ್ತಿಕೊಟ್ಟದ್ದು ರೇಡಿಯೋದವರು ಕಳಿಸಿದ ಲಕೋಟೆಯನ್ನೇ. ಮೇಲೆ ಇಂಗ್ಲಿಷಿನಲ್ಲಿ ಅವನ ಹೆಸರು, ವಿಳಾಸ, ಎಲ್ಲ ಅಚ್ಚುಕಟ್ಟಾಗಿ ಟೈಪಾಗಿತ್ತು. ಮುದುಕ ಒಂದೊಂದೇ ಅಕ್ಷರ ಓದಿ ಮುಗಿಸಿದ. ಸ್ಟೂಲು ಒರೆಸಿ ಕೊಡುವಾಗ ಅರಳಿದ್ದ ಮುಖ ಎಲ್ಲಿ ಹೋಯಿತೋ.

ಆಮೇಲೆ ಅವನು ಹೇಳಿದ್ದನ್ನು ವನಮಾಲೆ ನಿಂತೇ ಕೇಳಿದಳು. ನಿಷೇಧ ಬಂದ ವರ್ಷ ಮಾಟುಂಗದಲ್ಲಿ ಕನ್ನಡದವರೆಲ್ಲ ಸಭೆ ಸೇರಿದ್ದರು. ರೇಡಿಯೋಕ್ಕೆ ಒಂದು ಮನವಿ ಬರೆಯೋಣ, ನಮ್ಮವರ ಅನ್ನ ಹೋಗಿದೆ ಎಂದು ನಾಲ್ಕು ಜನ ಹೇಳಿದರು. ಆಗ ಮೈಸೂರಿನ ಒಬ್ಬ ಯುವಕ ಎದ್ದು ನಿಂತು ಅರ್ಧ ಗಂಟೆ ಭಾಷಣ ಮಾಡಿದ. ಹಾರ್ಮೋನಿಯಂ ಎಂದರೆ ಪಾದ್ರಿಗಳು ತಂದ ತಿದಿಪೆಟ್ಟಿಗೆ, ಸರಸ್ವತಿಯ ಮನೆಯಿಂದ ಅದನ್ನು ಆಚೆ ಹಾಕಿದ್ದೇ ಸರಿ ಎಂದ. ಹಿಂದಿನ ಸಾಲಿನಿಂದ ಗದಿಗೆಪ್ಪ ಎದ್ದು, ನಿಮ್ಮ ಪಿಟೀಲು ಎಲ್ಲಿಂದ ಬಂತ್ರೀ ಎಂದು ಒಂದೇ ಪ್ರಶ್ನೆ ಕೇಳಿದ. ಅದಕ್ಕೆ ಆ ಯುವಕ, ಬಿಳಿಯರ ಬ್ಯಾಂಡಿನಿಂದ ಬಂತು ನಿಜ, ಆದರೆ ನೂರೈವತ್ತು ವರ್ಷದ ಹಿಂದೆಯೇ ಮದರಾಸಿನಲ್ಲಿ ನಮ್ಮವರು ಅದನ್ನು ಕಲಿತು ನೆಲದ ಮೇಲೆ ಕೂರಿಸಿ ಮುಂಜಿ ಮಾಡಿದ್ದಾರೆ, ನಿಮ್ಮ ಪೆಟ್ಟಿಗೆಗೆ ಮುಂಜಿ ಮಾಡುವ ಪುರೋಹಿತ ಇನ್ನೂ ಹುಟ್ಟಿಲ್ಲ ಎಂದ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಮನವಿ ಹೋಗಲಿಲ್ಲ.

ಆ ಮಾತು ವನಮಾಲೆಗೆ ಚೆನ್ನಾಗಿ ಗೊತ್ತಿತ್ತು. ಮನೆಗೆ ಬಂದವರಿಗೆಲ್ಲ ಸತ್ಯಮೂರ್ತಿ ಹೇಳುತ್ತಿದ್ದ, ಕಾಫಿ ಕೊಡುತ್ತ ಅವಳೂ ನಗುತ್ತಿದ್ದಳು. ಯಾರಿಗೆ ಆ ಮಾತು ಬಿತ್ತೆಂದು ಅವಳು ಯೋಚಿಸಿದವಳೇ ಅಲ್ಲ. ಈಗ ಅವನು ಎದುರಿಗಿದ್ದ.

ಗದಿಗೆಪ್ಪ ತನ್ನ ಎರಡೂ ಕೈ ಚಾಚಿ ತೋರಿಸಿದ. ಬೆರಳ ಸಂದಿಯೆಲ್ಲ ಸುಲಿದು ಬೆಳ್ಳಗಾಗಿತ್ತು. "ನಾನೂ ಇಭೂತಿ ಹಚ್ಚೂ ಮನಿತನದಾಂವ ಅಕ್ಕಾರ. ಪೆಟಗಿ ಹೋದ ಮ್ಯಾಲೆ ಹೊಟ್ಟೀಪಾಡಿಗೆ ಈ ಕೈ ಕರುಳಿನಾಗ ಹಾಕಿದೆ. ನಮ್ಮವ್ವ ಸಾಯೂಮುಂದ ಈ ಕೈಲೆ ನೀರ ತಗೊಳ್ಳಲಿಲ್ಲ. ಬಾಯಿ ಒಣಗಿಸಿಕೊಂಡ ಹೋದಳು. ನಿಮ್ಮ ಯಜಮಾನ್ರ ಪಿಟೀಲಿಗೆ ಮುಂಜಿ ಮಾಡ್ಯಾರಲ್ರಿ, ಆ ಜನಿವಾರ ಯಾತರದು ಅಂತ ಮನಿಗೆ ಹೋಗಿ ಕೇಳ್ರಿ."

ತಂತಿ ಕೊಡಲಿಲ್ಲ. ವನಮಾಲೆ ಅಂಗಲಾಚಿದಳು, ಶುಕ್ರವಾರದ ಪರೀಕ್ಷೆಯ ವಿಷಯ ಹೇಳಿದಳು, ಮೈಸೂರಿನ ವಿಷಯವನ್ನೂ ಹೇಳಿಬಿಟ್ಟಳು. ಮುದುಕ ಕರಗಲಿಲ್ಲ. ಅವರೇ ಬರಲಿ, ಬಂದು ಎದುರಿಗೆ ನಿಂತು ಕನ್ನಡದಲ್ಲಿ ಹೆಸರು ಹಿಡಿದು ಕೇಳಲಿ, ಕರುಳು ಕೊಡು ಎನ್ನಲಿ, ರೊಕ್ಕವಿಲ್ಲದೆ ಕೊಡುತ್ತೇನೆ, ಇಲ್ಲವಾದರೆ ಸ್ಟೀಲು ಹಾಕಿಕೊಂಡು ರೇಡಿಯೋದಲ್ಲಿ ಕಿರುಚಲಿ ಎಂದ.

ಸಂಜೆ ಸತ್ಯಮೂರ್ತಿ ಬಂದು ಕಾಲು ತೊಳೆಯುತ್ತಿದ್ದಾಗಲೇ ಅವಳು ಕೇಳಿದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಅವನನ್ನು ಹಾಗೆ ತಡೆದು ಕೇಳಿದ್ದು ಅದೇ ಮೊದಲು.

"ಆ ತಂತಿ ಯಾವುದರದ್ದು ಅಂತ ನಿಮಗೆ ಗೊತ್ತಿತ್ತಾ?"

ಅವನು ಕಾಲಿಗೆ ಇನ್ನೊಂದು ಚೊಂಬು ನೀರು ಸುರಿದುಕೊಂಡ. ಅವಳು ಕುರಿ ಕರುಳು ಎಂದು ಹೆಸರು ಹಿಡಿದೇ ಹೇಳಿದಳು. ಅವನು ಗಾಬರಿಯಿಂದ ಬಾಗಿಲ ಕಡೆ ನೋಡಿ, ದೇವರ ಮುಂದೆ ಏನೇ ಅದು ಕೊಳಕು ಮಾತು ಎಂದು ಗದರಿದ. ಗೊತ್ತಿತ್ತು. ಪಾಠಕ್ಕೆ ಸೇರಿದ ದಿನದಿಂದ ಗೊತ್ತಿತ್ತು. ಮೇಷ್ಟರು ಗಟ್ ಎಂದರು, ಮಡಿ ಹೆಂಗಸಾದ ಅಮ್ಮನಿಗೆ ಅದು ಗಟ್ಟಿ ಎಂದು ಕೇಳಿಸಿತು, ಹಾಗೆಯೇ ಇರಲಿ ಎಂದು ಇವನು ಸುಮ್ಮನಾದ. ಅಮ್ಮ ಸತ್ತರು, ಸುಳ್ಳು ಸೊಸೆಗೆ ಬಂತು. ಈಗ ಸಿಕ್ಕಿಬಿದ್ದ ಮೇಲೆ ಅವನಿಗೆ ಶಾಸ್ತ್ರ ಉಕ್ಕಿ ಬಂತು. ಪ್ರಾಚೀನರ ವೀಣೆಗೂ ನರದ ತಂತಿ ಇತ್ತಂತೆ, ಮೃದಂಗಕ್ಕೆ ಚರ್ಮವಿಲ್ಲವೇ, ದೇವಸ್ಥಾನದ ನಗಾರಿಗೆ ಇಲ್ಲವೇ, ನಾದಕ್ಕೆ ಸೇರಿದ ಮೇಲೆ ಎಲ್ಲವೂ ಶುದ್ಧವೇ, ಇದೆಲ್ಲ ನಿನಗೆ ತಿಳಿಯುವ ವಿಷಯವಲ್ಲ ಎಂದು ಕೈ ಒರೆಸಿಕೊಂಡ.

"ಸತ್ತ ಕುರಿ ಶುದ್ಧ ಆಗತ್ತೆ. ನಾನು ಯಾಕೆ ಆಗಲ್ಲ?"

ಹಸಿವಾಗುತ್ತಿದೆ, ಎಲೆ ಹಾಕು ಎಂದ. ಅವಳು ಹಾಕಿದಳು. ಬಡಿಸುವಾಗ ಸೌಟನ್ನು ಪಾತ್ರೆಗೆ ಹೊಡೆದು ಹೊಡೆದು ಬಡಿಸಿದಳು. ಮುದುಕನ ಷರತ್ತನ್ನು ಆಗಲೇ ಹೇಳಿದ್ದು. ಅವನು ತುತ್ತು ಬಿಟ್ಟು ಹಾರಾಡಿದ. ಪೆಟ್ಟಿಗೆ ಒತ್ತುವವನು, ಕರುಳು ಹೆರೆಯುವವನು, ಅವನ ಹತ್ತಿರ ತಾನು ಕೈಯೊಡ್ಡಬೇಕೇ ಎಂದ. ಒಡ್ಡಬೇಡಿ, ಸ್ಟೀಲು ಹಾಕಿಕೊಂಡು ಹೋಗಿ ಎಂದು ಅವಳು ತಣ್ಣಗೆ ಹೇಳಿದಳು. ಊಟವಾದ ಮೇಲೆ ಅವನು ಸ್ಟೀಲು ತಂತಿಯ ಮೇಲೆ ಇನ್ನೊಮ್ಮೆ ಕಮಾನು ಎಳೆದ. ಎರಡೇ ಎಳೆತಕ್ಕೆ ಪಿಟೀಲಿನ ಪೆಟ್ಟಿಗೆ ಮುಚ್ಚಿದ.

ಗುರುವಾರ ಆಫೀಸಿಗೆ ಅರ್ಧ ದಿನದ ರಜೆ ಹಾಕಿ ಅವಳ ಜೊತೆ ದಾದರಿಗೆ ಬಂದ. ಕೋಟು, ಜರಿ ಪೇಟ, ಹಣೆಗೆ ಅಕ್ಷತೆ, ಸನ್ಮಾನಕ್ಕೆ ಹೊರಟವನ ಹಾಗೆ. ಅಂಗಡಿಯಲ್ಲಿ ಒಬ್ಬ ವಯಸ್ಸಾದ ಸಾರಂಗಿ ಉಸ್ತಾದರು ತಂತಿ ಕೊಳ್ಳುತ್ತ ಕೂತಿದ್ದರು. ಗದಿಗೆಪ್ಪ ಏಳಲಿಲ್ಲ, ಸ್ಟೂಲು ಒರೆಸಲಿಲ್ಲ. ಹದಿನೇಳು ವರ್ಷದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಸತ್ಯಮೂರ್ತಿ ಗೋಡೆಗೆ ಕೈ ತೋರಿಸಿ, ಗಟ್ ಸ್ಟ್ರಿಂಗ್, ಒಂದು, ಎಂದ. ತನಗೆ ಇಂಗ್ಲಿಷು ಬರುವುದಿಲ್ಲವೆಂದ ಗದಿಗೆಪ್ಪ. ಹಿಂದಿನ ದಿನ ಲಕೋಟೆ ಓದಿದವನು ಇವನೇ. ಸತ್ಯಮೂರ್ತಿ ಹಿಂದಿಯಲ್ಲಿ, ತಾಂತ್ ಎಂದ. ಹೌದು ಹೌದು, ತಾಂತ್, ಬಹಳ ಒಳ್ಳೆಯ ತಾಂತ್ ಮಾಡುತ್ತಾನೆ ಎಂದು ಉಸ್ತಾದರು ತಲೆದೂಗಿದರು. ಅವರಿಗೆ ಪಾಪ ಏನೂ ಗೊತ್ತಿಲ್ಲ. ಗದಿಗೆಪ್ಪ ಅವರ ಕಡೆ ತಿರುಗದೆ, "ನಾವಿಬ್ರೂ ಕನ್ನಡದವ್ರು. ಹ್ವಾದ ನವಂಬರದಾಗ ರಾಜ್ಯಾನೂ ಒಂದ ಆಗೇತಿ. ಕನ್ನಡದಾಗ ಕೇಳ್ರಿ" ಎಂದ. ಸತ್ಯಮೂರ್ತಿಯ ಕಿವಿ ಕೆಂಪಗಾಯಿತು. ಸ್ನಾಯುತಂತು ಎಂದು ಸಂಸ್ಕೃತ ತೆಗೆದ. ಅದೂ ತಿಳಿಯದು ಎಂದ ಮುದುಕ. ಕೊನೆಗೆ ಸತ್ಯಮೂರ್ತಿ ಹಲ್ಲು ಕಚ್ಚಿ, ಗಟ್ಟಿ ತಂತಿ ಎಂದ. ಗದಿಗೆಪ್ಪ ನಿಧಾನವಾಗಿ ಎದ್ದು, ಮೂಲೆಯಿಂದ ಬಟ್ಟೆ ಒಣಹಾಕುವ ಕಬ್ಬಿಣದ ತಂತಿಯ ಸುರುಳಿ ತಂದು ಅವನ ಮುಂದೆ ಇಟ್ಟ. ಇದಕ್ಕಿಂತ ಗಟ್ಟಿ ಮುಂಬಯಿಯಲ್ಲೇ ಸಿಗದು ಎಂದ.

ಅಲ್ಲಿಗೆ ಸತ್ಯಮೂರ್ತಿಯ ಪೇಟ ಕೋಟಿನ ಠೀವಿಯೆಲ್ಲ ಇಳಿದುಹೋಯಿತು. ಬಾಯಿಗೆ ಬಂದ ಹಾಗೆ ಬೈದ. ನಿನ್ನ ಪೆಟ್ಟಿಗೆಯನ್ನು ಹೊರಗೆ ಹಾಕಿದ್ದು ಸಾಲದು, ನಿನ್ನನ್ನೇ ಹಾಕಬೇಕಿತ್ತು, ಸ್ವರ ಹತ್ತದ ಕೈ ಕೊನೆಗೆ ಎಲ್ಲಿಗೆ ಸೇರಬೇಕೋ ಅಲ್ಲಿಗೇ ಸೇರಿದೆ ಎಂದ. ಗದಿಗೆಪ್ಪ ಉಸ್ತಾದರ ತಂತಿಯನ್ನು ಕಟ್ಟಿಕೊಟ್ಟು ಕಳಿಸಿದ. ಆಮೇಲೆ ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ತಂದು ಬಾಗಿಲಿಗೆ ಜೋಡಿಸತೊಡಗಿದ. ಹಾಡಹಗಲು ಮೂರು ಗಂಟೆ. ಇನ್ನು ಎರಡು ಹಲಗೆ ಉಳಿದಿತ್ತು.

ವನಮಾಲೆಗೆ ಆ ಎರಡು ಹಲಗೆಯ ಸಂದಿಯಲ್ಲಿ ಓರಗಿತ್ತಿಯ ಅಡುಗೆಮನೆ ಕಂಡಿತು. ಇವನು ಹೇಳುವವನಲ್ಲ. ಅವನು ಕೊಡುವವನಲ್ಲ. ಇಬ್ಬರು ಗಂಡಸರ ಜಿದ್ದಿಗೆ ಅವಳು ಹೋಗಿ ನಾಲ್ಕು ಗಂಟೆಗೆ ಒದ್ದೆ ಸೀರೆ ಉಡಬೇಕು. ಅವಳು ಮುಂದೆ ಬಂದು ಹಲಗೆಗೆ ಕೈ ಅಡ್ಡ ಹಿಡಿದಳು.

"ಗದಿಗೆಪ್ಪನವರೇ, ಇವರಿಗೆ ಕರುಳಿಲ್ಲ. ಅದಕ್ಕೇ ಕೇಳೋಕೆ ಬಂದಿದೀವಿ. ಕೊಡಿ."

ಬೀದಿಯಲ್ಲಿ ಕೇಳಿಸುವಷ್ಟು ದನಿ ಬಂದಿತ್ತು. ಸತ್ಯಮೂರ್ತಿ ಬೆಚ್ಚಿ ಅವಳನ್ನು ನೋಡಿದ. ಗದಿಗೆ​ಪ್ಪ ನಗಲಿಲ್ಲ. ಹಲಗೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದ. ಅಳತೆಯ ತುಂಡನ್ನು ಹಿಡಿದು ನೋಡಿ, ಬೆರಳಲ್ಲಿ ಉಜ್ಜಿ ನೋಡಿ, ಇದ್ದುದರಲ್ಲಿ ಚೆನ್ನಾದದ್ದನ್ನು ಆರಿಸಿ ಸುರುಳಿ ಸುತ್ತಿ ತಂದ. ಸತ್ಯಮೂರ್ತಿ ಕೈ ಚಾಚಿದ್ದ. ಅದನ್ನು ದಾಟಿಸಿ ವನಮಾಲೆಯ ಕೈಯಲ್ಲಿ ಇಟ್ಟ.

"ಇವರಿಗೆ ಕೊಟ್ಟಿಲ್ರಿ, ನಿಮಗ ಕೊಟ್ಟೇನಿ. ಇವರ ಕೈಯಾಗ ಇಡೂದು ಬಿಡೂದು ನಿಮ್ಮ ಮರ್ಜಿ."

ರೊಕ್ಕ ತೆಗೆದುಕೊಳ್ಳಲಿಲ್ಲ. ಒಳ್ಳೆಯದಾಗಲಿ ಎಂದೂ ಹೇಳಲಿಲ್ಲ. ಉಳಿದ ಎರಡು ಹಲಗೆಗಳನ್ನೂ ಹಾಕಿಕೊಂಡ.

ಸ್ಟೇಷನ್ನಿನವರೆಗೆ ಸತ್ಯಮೂರ್ತಿ ಹತ್ತು ಹೆಜ್ಜೆ ಮುಂದೆಯೇ ನಡೆದ. ಮಳೆಗೆ ಪೇಟ ತೊಯ್ದು ಜರಿಯಂಚು ಕಿವಿಯ ಮೇಲೆ ಇಳಿದಿತ್ತು. ಪ್ಲಾಟ್‌ಫಾರ್ಮಿನ ಮಾಡಿನ ಕೆಳಗೆ ನಿಂತು ಅವನು ಬೈಗುಳ ಶುರು ಮಾಡಿದ. ಬೀದಿಯಲ್ಲಿ ಮಾನ ಕಳೆದಳು, ಯಾರ ಎದುರು ಏನು ಆಡಬೇಕೆಂಬ ಪರಿವೆ ಇಲ್ಲ, ಮನೆಗೆ ಹೋದ ಕೂಡಲೇ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು, ಅದನ್ನು ಬರಿಗೈಯಲ್ಲಿ ಹಿಡಿದಿದ್ದಾಳೆ ಎಂದ. ಅವಳು ಹಳಿಗಳನ್ನು ನೋಡುತ್ತಿದ್ದಳು. ತಂತಿ ಹಾಕಿದ ಮೇಲೆ ಎಳೆದು ಎಳೆದು ಶ್ರುತಿಗೆ ನಿಲ್ಲುವುದಕ್ಕೆ ರಾತ್ರಿಯೆಲ್ಲ ಬೇಕು, ಈಗಲೇ ಹೊತ್ತಾಗಿದೆ ಎಂದು ಅವನು ಕೈ ಒಡ್ಡಿದ.

"ಕೊಡು ಇಲ್ಲಿ."

"ಏನು ಕೊಡಲಿ?"

"ತಂತಿ."

"ತಂತಿ ನನ್ನ ಹತ್ರ ಇಲ್ಲ."

ಅವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದ. ಬೇಕಾದರೆ ಅವಳ ಕೈ ತಿರುಚಿ ಕಿತ್ತುಕೊಳ್ಳಬಹುದಿತ್ತು, ಆದರೆ ಸುತ್ತ ಜನ. ಬೇಕಾದರೆ ನಿನ್ನ ತಂತಿಯೂ ಬೇಡ ರೇಡಿಯೋನೂ ಬೇಡ ಎಂದು ಹೊರಟುಬಿಡಬಹುದಿತ್ತು. ಹಾಗೆ ಹೊರಟರೆ ಮುಂದಿನ ತಿಂಗಳು ಅವಳು ಮೈಸೂರಿನಲ್ಲಿ. ಅದು ವನಮಾಲೆಗೆ ಗೊತ್ತಿತ್ತು. ಆದರೂ ಮುಷ್ಟಿ ಬಿಚ್ಚಲಿಲ್ಲ. ಒಳಗೆ ಸುರುಳಿ ಅಂಗೈಗೆ ಒತ್ತುತ್ತಿತ್ತು.

ಸಯನ್ ಕಡೆಯ ಲೋಕಲ್ಲು ಮಳೆಯೊಳಗಿಂದ ಧಡಧಡ ಬಂತು. ಜನ ಮುಂದೆ ನುಗ್ಗಿದರು. ಅವನು ಅವಳ ಕಿವಿಯ ಹತ್ತಿರ ಬಗ್ಗಿದ. ತುಟಿ ಎರಡು ಸಲ ಬರಿದೇ ಅಲುಗಿತು.

"ಕರುಳು ಕೊಡು."

ವನಮಾಲೆಗೆ ಸ್ಪಷ್ಟವಾಗಿ ಕೇಳಿಸಿತು. ಗಾಡಿಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ, ಇನ್ನೊಂದು ಸಲ ಗಟ್ಟಿಯಾಗಿ ಹೇಳಿ ಎಂದಳು.